ಓದುಗರ ಪ್ರಶ್ನೆ: ವಿದೇಶದಲ್ಲಿ ಪಿಎಚ್.ಡಿ., ಜೊತೆಗೆ ಕೆಲಸ

ಹೊರದೇಶದಲ್ಲಿ ಪಿಎಚ್.ಡಿ. ಮಾಡುತ್ತಲೇ ದುಡಿಯಬಹುದೇ ಎಂದು ಕೇಳಿ ಕೊಡಗಿನ ಓದುಗರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನ ಪತ್ರಗಳಲ್ಲಿ ಎಂ.ಎಸ್. ಮಾಡಲು ಹೋದವರ ಲೆಕ್ಕವನ್ನೇ ಪಿಎಚ್.ಡಿ.ಗೂ ಹಾಕಿದ್ದಾರೆ. ಎಂ.ಎಸ್.ಗೆ ಫೀಸು ನಾವು ಕಟ್ಟುತ್ತೇವೆ, ಕೈಖರ್ಚಿಗೆ ಸಣ್ಣಪುಟ್ಟ ಕೆಲಸ ಹುಡುಕುತ್ತೇವೆ. ಪಿಎಚ್.ಡಿ.ಗೆ ಹಾಗಲ್ಲ, ವಿಶ್ವವಿದ್ಯಾಲಯವೇ ದುಡ್ಡು ಕೊಟ್ಟು ಕರೆಯಬೇಕು. ಅವರು ಕೊಡುವ ದುಡ್ಡಿನಲ್ಲಿ ಹೊಟ್ಟೆ ಬಾಡಿಗೆ ಸಾಗುವುದಿಲ್ಲ ಎಂದಾದರೆ ಹೊರಗೆ ಕೆಲಸ ಹುಡುಕುವ ಯೋಚನೆ ಬಿಡಿ, ಆ ಆಫರನ್ನೇ ಬಿಡುವ ಬಗ್ಗೆ ಯೋಚಿಸಿ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಇಮೇಲ್ ಬರೆದು, ಬಂದ ಉತ್ತರವನ್ನು ತೆಗೆದಿಟ್ಟುಕೊಳ್ಳಿ.

ಅಮೆರಿಕದಲ್ಲಿ ರಸಾಯನಶಾಸ್ತ್ರ ಪಿಎಚ್.ಡಿ.ಗೆ ಸೀಟು ಸಿಕ್ಕಿದೆ. ಟೀಚಿಂಗ್ ಅಸಿಸ್ಟಂಟ್‌ಶಿಪ್ ಕೊಡುತ್ತಾರಂತೆ. ಮನೆಯಲ್ಲಿ ಸಾಲ ಇದೆ. ಸಂಜೆ ಹೊತ್ತು ಅಂಗಡಿಯಲ್ಲೋ ಹೋಟೆಲಲ್ಲೋ ದುಡಿದು ತಿಂಗಳು ತಿಂಗಳು ಒಂದಿಷ್ಟು ಊರಿಗೆ ಕಳಿಸಬಹುದೇ?
— ಓದುಗರು, ಮಡಿಕೇರಿ

ಆಗುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ, ಅದೂ ಕ್ಯಾಂಪಸ್ಸಿನೊಳಗೆ. ನಿಮ್ಮ ಅಸಿಸ್ಟಂಟ್‌ಶಿಪ್ ಇದೆಯಲ್ಲ, ಅದೇ ಆ 20 ಗಂಟೆಯನ್ನು ತಿಂದುಹಾಕುತ್ತದೆ. ಅದರ ಮೇಲೆ ಲೈಬ್ರರಿಯಲ್ಲಿ ವಾರಕ್ಕೆ 4 ಗಂಟೆ ಸೇರಿಸಿದರೂ 24 ಆಗಿ ನಿಯಮ ಮುರಿದಂತೆ. ಎರಡೂ ಕ್ಯಾಂಪಸ್ ಕೆಲಸವೇ ಅಲ್ಲವೇ ಎಂದುಕೊಂಡು ತಪ್ಪುವವರು ಬಹಳ ಮಂದಿ. ಮಿತಿ ಇರುವುದು ಒಟ್ಟು ಗಂಟೆಗೆ.

20 ಗಂಟೆ ಎಂದರೆ ಎಷ್ಟು ಕೆಲಸ ಎಂಬುದು ಗೊತ್ತಿರಲಿ. ಎರಡು ಲ್ಯಾಬ್ ಬ್ಯಾಚ್ ಕೊಟ್ಟರು ಎನ್ನಿ. ಒಂದೊಂದು 3 ಗಂಟೆಯಂತೆ 6 ಗಂಟೆ. ರಾಸಾಯನಿಕ, ಗಾಜಿನ ಸಾಮಾನು ಸಜ್ಜು ಮಾಡಲು 2. ಪ್ರೊಫೆಸರ್ ಜೊತೆ ವಾರದ ಮೀಟಿಂಗ್ 1. ವಿದ್ಯಾರ್ಥಿಗಳ ಸಂಶಯ ಬಗೆಹರಿಸಲು ಕೂರುವ ಹೊತ್ತು 2. ಒಂದು ಬ್ಯಾಚಿಗೆ 24 ಮಂದಿಯಂತೆ 48 ಲ್ಯಾಬ್ ವರದಿ, ಒಂದೊಂದಕ್ಕೆ 10 ನಿಮಿಷವೆಂದರೂ 8 ಗಂಟೆ. ಅಲ್ಲಿಗೆ 19 ಆಯಿತು. ಇದಾದ ಮೇಲೆ ನಿಮ್ಮದೇ ಕೋರ್ಸುಗಳು, ಗೈಡ್ ಹುಡುಕುವ ಓಡಾಟ. ಮೊದಲ ವರ್ಷ ಸಂಜೆಗೆ ಬಿಡುವು ಸಿಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಲೇಬೇಡಿ.

ಈಗ ಆಫರ್ ಲೆಟರ್ ತೆಗೆದು ನಿಧಾನವಾಗಿ ಓದಿ. ಮೊದಲು ನೋಡಬೇಕಾದ್ದು ಸಂಬಳ 9 ತಿಂಗಳಿಗೋ 12 ತಿಂಗಳಿಗೋ ಎಂದು. ತಿಂಗಳಿಗೆ 2,400 ಡಾಲರ್, 9 ತಿಂಗಳು ಎಂದಿದ್ದರೆ ವರ್ಷಕ್ಕೆ 21,600. ಅದನ್ನು 12ರಿಂದ ಭಾಗಿಸಿದರೆ ಕೈಗೆ ಬರುವುದು ತಿಂಗಳಿಗೆ 1,800, ತೆರಿಗೆಗೂ ಮುಂಚೆ. ಬಾಡಿಗೆ ಮಾತ್ರ 12 ತಿಂಗಳೂ ಕಟ್ಟಬೇಕು. ಎರಡನೆಯದು ಫೀಸು. ಟ್ಯೂಷನ್ ಮನ್ನಾ ಎಂದು ಬರೆದಿದ್ದರೂ ವಿದ್ಯಾರ್ಥಿ ಶುಲ್ಕ, ತಂತ್ರಜ್ಞಾನ ಶುಲ್ಕ, ಅಂತರರಾಷ್ಟ್ರೀಯ ವಿದ್ಯಾರ್ಥಿ ಶುಲ್ಕ ಎಂದು ಪ್ರತಿ ಸೆಮಿಸ್ಟರಿಗೆ ಬೇರೆ ಬಿಲ್ಲು ಬರುವುದುಂಟು. ಆರೋಗ್ಯ ವಿಮೆಯನ್ನು ಅವರೇ ಪೂರ್ತಿ ಕಟ್ಟುತ್ತಾರೋ ಅರ್ಧವೋ ಕೇಳಿ. ಎಷ್ಟು ವರ್ಷದ ಖಾತರಿ ಎಂಬುದೂ ಲೆಟರಿನಲ್ಲೇ ಇರಬೇಕು. ಒಂದು ವರ್ಷ ಎಂದಷ್ಟೇ ಬರೆದು ಬಾಯಿಮಾತಿನಲ್ಲಿ ಐದು ವರ್ಷ ಎನ್ನುವ ವಿಭಾಗವಿದ್ದರೆ, ಹಿಂದಿನ ಬ್ಯಾಚಿನವರಿಗೆ ಎಷ್ಟು ವರ್ಷ ಕೊಟ್ಟರು ಎಂದು ಅಲ್ಲಿ ಓದುತ್ತಿರುವವರನ್ನೇ ವಿಚಾರಿಸಿ.

ಸೆಮಿಸ್ಟರ್ ಆಗಸ್ಟಿನಲ್ಲಿ ಶುರುವಾದರೆ ಮೊದಲ ಸಂಬಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಮನೆಯ ಮುಂಗಡ, ಬಾಡಿಗೆ, ಹಾಸಿಗೆ, ಚಳಿಗಾಲದ ಬಟ್ಟೆ. ಎರಡು ತಿಂಗಳ ಖರ್ಚು ಕೈಯಲ್ಲಿರಲಿ. ಮನೆಯವರಿಗೆ ಮೊದಲ ವರ್ಷ ಹಣದ ಮಾತು ಕೊಡಬೇಡಿ. ದುಡ್ಡು ಉಳಿಯುವುದು ಬೇಸಿಗೆ ರಜೆಯಲ್ಲಿ. ಆಗ ಕ್ಯಾಂಪಸ್ಸಿನೊಳಗೆ ಪೂರ್ಣಾವಧಿ ದುಡಿಯಬಹುದು. ಬೇಸಿಗೆಯ ಆರ್.ಎ. ಅಂದರೆ ಸಂಶೋಧನಾ ಸಹಾಯಕನ ಕೆಲಸ ಬೇಕಿದ್ದರೆ ಜನವರಿ–ಫೆಬ್ರವರಿಯಲ್ಲೇ ಗೈಡ್ ಬಳಿ ಬಾಯಿಬಿಟ್ಟು ಕೇಳಿ. ಏಪ್ರಿಲ್ ಹೊತ್ತಿಗೆ ಗ್ರಾಂಟಿನ ಹಣ ಹಂಚಿ ಮುಗಿದಿರುತ್ತದೆ.

ಇನ್ನೊಂದು. ಸಂಬಳದ ಚೀಟಿಯಲ್ಲಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂದು 7.65 ಶೇಕಡಾ ಕಡಿತ ಕಂಡರೆ ಕೂಡಲೇ ಪೇರೋಲ್ ಕಚೇರಿಗೆ ಹೋಗಿ. ಎಫ್-1ನವರಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಆ ಕಡಿತವಿಲ್ಲ. ತೆರಿಗೆ ವಿವರ ಸಲ್ಲಿಸುವಾಗ 1040-ಎನ್‌ಆರ್ ಮತ್ತು 8843 ಫಾರ್ಮ್. ಭಾರತದ ವಿದ್ಯಾರ್ಥಿಗಳಿಗೆ ಎರಡೂ ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ಹೆಚ್ಚಿನ ದೇಶದವರಿಗೆ ಇದಿಲ್ಲ, ಹಾಗಾಗಿ ಅವರ ಫಾರ್ಮ್ ನೋಡಿ ನಿಮ್ಮದನ್ನು ತುಂಬಬೇಡಿ.

ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿದ್ದೇನೆ. ಅಮೆರಿಕದಲ್ಲಿ ಪಿಎಚ್.ಡಿ. ನಡುವೆ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಬಹುದೇ? ಕ್ಷೇತ್ರಕಾರ್ಯಕ್ಕೆ ಕೊಡಗಿಗೇ ಬರುವ ಆಸೆಯೂ ಇದೆ.
— ಓದುಗರು, ಪೊನ್ನಂಪೇಟೆ

ಇಂಟರ್ನ್‌ಶಿಪ್ಪಿಗೆ ಸಿಪಿಟಿ ಎಂಬ ಅನುಮತಿ ಇದೆ. ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು. ಕೋರ್ಸೇ ಮೊದಲ ವರ್ಷ ತರಬೇತಿ ಕಡ್ಡಾಯ ಮಾಡಿದ್ದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಿನಾಯಿತಿ ಉಂಟು. ಕೆಲಸ ನಿಮ್ಮ ಪಠ್ಯಕ್ರಮದ ಭಾಗವಾಗಿರಬೇಕು, ಅದಕ್ಕೆಂದೇ ಕ್ರೆಡಿಟ್ ನೋಂದಾಯಿಸಿಕೊಳ್ಳಬೇಕಾಗಬಹುದು. ಗೈಡ್ ಸಹಿ, ಕಂಪನಿಯ ಪತ್ರ ಎರಡನ್ನೂ ಡಿಎಸ್‌ಒ ಅಂದರೆ ವಿದ್ಯಾರ್ಥಿ ಕಚೇರಿಯ ಅಧಿಕಾರಿಗೆ ಕೊಟ್ಟರೆ ಹೊಸ ಐ-20, ಅಂದರೆ ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ದಾಖಲೆ ಪತ್ರ, ಬರುತ್ತದೆ. ಅದರಲ್ಲಿ ಕಂಪನಿಯ ಹೆಸರು, ಶುರು ಮತ್ತು ಕೊನೆಯ ತಾರೀಕು ಅಚ್ಚಾಗಿರುತ್ತವೆ. ಆ ತಾರೀಕಿಗೆ ಒಂದು ದಿನ ಮುಂಚೆ ತರಬೇತಿಗೆಂದು ಕೂತರೂ ಅದು ಅನುಮತಿಯಿಲ್ಲದ ಕೆಲಸ. ಪೂರ್ಣಾವಧಿ ಸಿಪಿಟಿ ಒಟ್ಟು 12 ತಿಂಗಳು ಮುಟ್ಟಿದರೆ ಪದವಿ ನಂತರ ಅಲ್ಲೇ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿ ಕೈತಪ್ಪುತ್ತದೆ. ಆದ್ದರಿಂದ ಮೂರು ತಿಂಗಳ ಬೇಸಿಗೆ ಇಂಟರ್ನ್‌ಶಿಪ್ ಎರಡು ಸಲ ಮಾಡಿ ನಿಲ್ಲಿಸುವುದು ಕ್ಷೇಮ.

ಒಪಿಟಿ 12 ತಿಂಗಳು. ಕೋರ್ಸ್ ಮುಗಿಯುವ ದಿನಕ್ಕೆ 90 ದಿನ ಮುಂಚಿನಿಂದ 60 ದಿನ ನಂತರದವರೆಗೆ ಐ-765 ಅರ್ಜಿ ಹಾಕಬಹುದು, ಆದಷ್ಟು ಮುಂಚೆ ಹಾಕಿ. ಕೆಲಸವಿಲ್ಲದೆ ಕಳೆಯಬಹುದಾದ ದಿನಗಳು ಒಟ್ಟು 90 ಮಾತ್ರ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯಗಳಿಗೆ ಇನ್ನೂ 24 ತಿಂಗಳು ಸಿಗುತ್ತದೆ. ನಿಮಗೆ ಒಳ್ಳೆಯ ಸುದ್ದಿಯೆಂದರೆ 2022ರಲ್ಲಿ ಅರಣ್ಯಶಾಸ್ತ್ರವೂ ಆ ಪಟ್ಟಿ ಸೇರಿತು. ಆದರೆ ಲೆಕ್ಕಕ್ಕೆ ಬರುವುದು ವಿಭಾಗದ ಹೆಸರಲ್ಲ, ಐ-20ರಲ್ಲಿರುವ ಸಿಐಪಿ ಎಂಬ ವಿಷಯದ ಕೋಡ್. ಸೇರುವ ಮುಂಚೆಯೇ ಕೋಡ್ ಕೇಳಿ ಪಟ್ಟಿಯಲ್ಲಿ ಹುಡುಕಿ ನೋಡಿ.

ಕೊಡಗಿನ ಕ್ಷೇತ್ರಕಾರ್ಯಕ್ಕೆ ಬೇಗ ತಯಾರಿ ಮಾಡಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮ ಅಥವಾ ನಾಗರಹೊಳೆಯೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಎಲೆ, ಮಣ್ಣಿನ ಸೂಕ್ಷ್ಮಜೀವಿ, ಬೀಜ ಯಾವುದನ್ನಾದರೂ ಸಂಗ್ರಹಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಅನಿವಾಸಿಯಾದ ಭಾರತೀಯರಿಗೂ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ನೀವು ಪೊನ್ನಂಪೇಟೆಯವರೇ ಆದರೂ ಅಮೆರಿಕದಲ್ಲಿ ನೆಲೆಸಿದ ಮೇಲೆ ಆ ಸಾಲಿಗೇ ಸೇರುತ್ತೀರಿ. ಅನುಮತಿಯಿಲ್ಲದೆ ಒಯ್ದ ಮಾದರಿಯ ಮೇಲೆ ಪ್ರಬಂಧ ಕಟ್ಟಿದರೆ ಪ್ರಕಟಣೆಯ ಹೊತ್ತಿಗೆ ಎಲ್ಲವೂ ಸಿಕ್ಕಿಬೀಳುತ್ತದೆ. ಒಂದು ವರ್ಷ ಮುಂಚೆ ಅರ್ಜಿ ಹಾಕಿ. ಭಾರತದಲ್ಲಿರುವಾಗ ಕ್ರೆಡಿಟ್ ನೋಂದಣಿ ತಪ್ಪದಂತೆ ಡಿಎಸ್‌ಒ ಜೊತೆ ಮಾತಾಡಿಯೇ ವಿಮಾನ ಹತ್ತಿ. ನೋಂದಣಿಯಿಲ್ಲದೆ ಐದು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಎಫ್-1 ಸ್ಥಾನಮಾನವೇ ಹೋಗಬಹುದು.

ನಮ್ಮ ಕಾಫಿ ತೋಟ ತಂದೆ ಮತ್ತು ನನ್ನ ಹೆಸರಿನಲ್ಲಿದೆ, ಬ್ಯಾಂಕ್ ಖಾತೆಯೂ ಜಂಟಿ. ಅಮೆರಿಕದಲ್ಲಿ ಪಿಎಚ್.ಡಿ. ಮಾಡುವಾಗ ತೋಟದ ಆದಾಯವನ್ನು ಕೆಲಸ ಎಂದು ಪರಿಗಣಿಸುತ್ತಾರೆಯೇ?
— ಓದುಗರು, ಸೋಮವಾರಪೇಟೆ

ವೀಸಾದ ಮಟ್ಟಿಗೆ ಇಲ್ಲ. ಜಮೀನಿನ ಹುಟ್ಟುವಳಿ, ಬಾಡಿಗೆ, ಬಡ್ಡಿ ಇವು ಉದ್ಯೋಗವಲ್ಲ. ತೊಡಕಿರುವುದು ತೆರಿಗೆಯಲ್ಲಿ, ಅದೂ ಆರನೇ ವರ್ಷದಲ್ಲಿ. ಹೊರಡುವ ಸಂಭ್ರಮದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಎಫ್-1 ವಿದ್ಯಾರ್ಥಿ ಮೊದಲ ಐದು ಕ್ಯಾಲೆಂಡರ್ ವರ್ಷ ಅಮೆರಿಕದ ತೆರಿಗೆ ಲೆಕ್ಕದಲ್ಲಿ ಅನಿವಾಸಿ. ಆಗ ಭಾರತದ ಆದಾಯ ಅವರಿಗೆ ಬೇಕಿಲ್ಲ. ಆದರೆ ವರ್ಷದಲ್ಲಿ ಒಂದು ದಿನ ಇದ್ದರೂ ಅದು ಒಂದು ವರ್ಷ. 2026ರ ಆಗಸ್ಟಿನಲ್ಲಿ ಇಳಿದರೆ 2026ರಿಂದ 2030ರ ತನಕ ಐದು ಮುಗಿಯಿತು. 2031ರಲ್ಲಿ 183 ದಿನ ಅಲ್ಲಿದ್ದರೆ ನೀವು ತೆರಿಗೆಗೆ ನಿವಾಸಿ. ಅಲ್ಲೇ ಎಂ.ಎಸ್. ಮಾಡಿದ್ದರೆ ಆ ವರ್ಷಗಳೂ ಈ ಐದರಲ್ಲೇ ಸೇರುತ್ತವೆ. ಅಲ್ಲಿಂದ ಮುಂದೆ ಜಗತ್ತಿನ ಎಲ್ಲ ಆದಾಯ ತೋರಿಸಬೇಕು. ಕಾಫಿ ಬೆಳೆದು ಹಾಗೇ ಮಾರಿದರೆ ಭಾರತದಲ್ಲಿ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಅಮೆರಿಕಕ್ಕೆ ಆ ವಿನಾಯಿತಿ ಗೊತ್ತಿಲ್ಲ. ಇಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಅಲ್ಲಿನ ತೆರಿಗೆಯಿಂದ ಕಳೆಯಲು ಏನೂ ಇರುವುದಿಲ್ಲ, ನಿಮ್ಮ ಪಾಲಿಗೆ ಪೂರ್ತಿ ತೆರಿಗೆ. ಕಾಫಿ ಮಾರಿದ ಹಣ ಬಂದ ದಿನ ಜಂಟಿ ಖಾತೆಯೂ ಸೇರಿ ನಿಮ್ಮ ಭಾರತದ ಖಾತೆಗಳ ಮೊತ್ತ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿಯನ್ನೂ ಕೊಡಬೇಕು. ಒಂದೇ ದಿನ ದಾಟಿದ್ದರೂ ಸರಿ. ತೆರಿಗೆ ಇಲ್ಲದಿದ್ದರೂ ಈ ವರದಿ ಬಿಟ್ಟದ್ದಕ್ಕೇ ದಂಡ ದೊಡ್ಡದು.

ಹಾಗಾಗಿ ಹೊರಡುವ ಮುಂಚೆ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಜೊತೆ ಕೂತು, ಹುಟ್ಟುವಳಿಯಲ್ಲಿ ನಿಮ್ಮ ಪಾಲೆಷ್ಟು ಎಂದು ಕಾಗದದ ಮೇಲೆ ಬರೆಸಿ. ತೋಟದ ವಹಿವಾಟು ತಂದೆಯವರ ಒಬ್ಬರ ಖಾತೆಯಲ್ಲಿ ನಡೆಯಲಿ. ನಿಮ್ಮ ಸ್ವಂತ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿ ಖಾತೆಯಾಗಿ ಬದಲಿಸಿ. ವಿದೇಶಕ್ಕೆ ಓದಲು ಹೋದವರೂ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಲೆಕ್ಕದಲ್ಲಿ ಅನಿವಾಸಿಗಳೇ. ಇದರಿಂದ ಇನ್ನೊಂದು ಮಾತು ಹುಟ್ಟುತ್ತದೆ, ಕೊಡಗಿನ ಕುಟುಂಬಗಳು ಗಮನಿಸಬೇಕು: ಈಗಾಗಲೇ ಹೆಸರಿನಲ್ಲಿರುವ ತೋಟ ನಿಮ್ಮದಾಗಿಯೇ ಉಳಿಯುತ್ತದೆ, ವಾರಸಿನಿಂದಲೂ ಬರಬಹುದು. ಆದರೆ ಅನಿವಾಸಿಯಾದ ಮೇಲೆ ಕೃಷಿ ಜಮೀನನ್ನಾಗಲಿ ಪ್ಲಾಂಟೇಷನ್ನನ್ನಾಗಲಿ ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ತಂದೆಯವರು ಇನ್ನಷ್ಟು ಭಾಗ ನಿಮಗೆ ಮಾಡಿಕೊಡುವ ಯೋಚನೆಯಲ್ಲಿದ್ದರೆ ಅದು ವಿಮಾನ ಹತ್ತುವ ಮುಂಚೆ ಮುಗಿಯಲಿ, ಇಲ್ಲವೇ ಮರಣಶಾಸನ ಬರೆಸಲಿ.

ಬ್ರಿಟನ್ನಿನಲ್ಲಿ ಪಿಎಚ್.ಡಿ. ಸೇರುತ್ತಿದ್ದೇನೆ. ಬೇಸಿಗೆ ಮೂರು ತಿಂಗಳು ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು ಎಂದು ಗೆಳತಿ ಹೇಳುತ್ತಾಳೆ. ನಮ್ಮ ಮನೆಯ ಹೋಂಸ್ಟೇ ಬುಕಿಂಗ್ ಕೂಡ ನಾನೇ ನೋಡುವುದು. ಅಲ್ಲಿಂದ ಮುಂದುವರಿಸಬಹುದೇ?
— ಓದುಗರು, ವಿರಾಜಪೇಟೆ

ಗೆಳತಿ ಹೇಳಿದ್ದು ಪದವಿ ಓದುವವರ ನಿಯಮ. ಸಂಶೋಧನಾ ವಿದ್ಯಾರ್ಥಿಗೆ ಬೇಸಿಗೆ ರಜೆ ಎಂಬುದೇ ಇಲ್ಲ, ವರ್ಷವಿಡೀ ಅವಧಿ ನಡೆಯುತ್ತಿರುತ್ತದೆ. ಜುಲೈಯಲ್ಲೂ ನಿಮಗೆ ವಾರಕ್ಕೆ 20 ಗಂಟೆಯೇ. ವಿಶ್ವವಿದ್ಯಾಲಯ ಲಿಖಿತವಾಗಿ ಮಂಜೂರು ಮಾಡಿದ ರಜೆಯ ದಿನಗಳಲ್ಲಿ ಮಾತ್ರ ಹೆಚ್ಚು ದುಡಿಯಬಹುದು. ಆ ಇಮೇಲನ್ನು ಕೆಲಸ ಕೊಡುವವರಿಗೆ ತೋರಿಸಬೇಕಾಗುತ್ತದೆ. ವಾರವೆಂದರೆ ಸೋಮವಾರದಿಂದ ಭಾನುವಾರ. ಈ ವಾರ 25, ಬರುವ ವಾರ 15, ಸರಾಸರಿ 20 ಎನ್ನುವ ಲೆಕ್ಕ ನಡೆಯುವುದಿಲ್ಲ. ಭಾನುವಾರ ರಾತ್ರಿ ಶುರುವಾಗಿ ಸೋಮವಾರ ಮುಗಿಯುವ ಪಾಳಿಯಿದ್ದರೆ ಗಂಟೆಗಳನ್ನು ಎರಡು ವಾರಕ್ಕೆ ಹರಿದು ಬರೆದಿಡಿ. ವಿಭಾಗದಲ್ಲಿ ಸಂಬಳಕ್ಕೆ ಪಾಠ ಮಾಡುವುದೂ ಇದೇ 20ರೊಳಗೆ.

ಹೋಂಸ್ಟೇ ಬಿಟ್ಟುಬಿಡಿ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯವಹಾರ ನಡೆಸುವಂತಿಲ್ಲ. ಅತಿಥಿ ಭಾರತದಲ್ಲಿದ್ದಾನೆ, ದುಡ್ಡೂ ಭಾರತದ ಖಾತೆಗೇ ಬರುತ್ತದೆ ಎಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ದುಡಿಯುವ ನೀವು ಕೂತಿರುವುದು ಬ್ರಿಟನ್ನಿನಲ್ಲಿ. ಊಟ ತಲುಪಿಸುವ ಆ್ಯಪ್‌ಗಳೂ ಇದೇ ಕಾರಣಕ್ಕೆ ನಿಷಿದ್ಧ, ಅಲ್ಲಿ ಸವಾರರನ್ನು ಸ್ವಯಂ ಉದ್ಯೋಗಿ ಎಂದೇ ನೋಂದಾಯಿಸುವುದು. ಹೋಂಸ್ಟೇ ನೋಂದಣಿ, ಬುಕಿಂಗ್ ಖಾತೆ, ಬ್ಯಾಂಕ್ ಜೋಡಣೆ ಮೂರನ್ನೂ ಅಮ್ಮನ ಅಥವಾ ತಮ್ಮನ ಹೆಸರಿಗೆ ಮಾಡಿಸಿ ಹೊರಡಿ.

ಪಿಎಚ್.ಡಿ.ಯವರಿಗೆ ಅಲ್ಲಿ ಅನುಕೂಲಗಳೂ ಉಂಟು. ಗಂಡನನ್ನೋ ಮಕ್ಕಳನ್ನೋ ಕರೆದೊಯ್ಯುವ ಅವಕಾಶ 2024ರ ಜನವರಿಯಿಂದ ಬಹುತೇಕ ಸಂಶೋಧನಾ ವಿದ್ಯಾರ್ಥಿಗಳಿಗೇ ಉಳಿದಿದೆ. ಪದವಿ ಮುಗಿದ ಮೇಲೆ ಗ್ರಾಜುಯೇಟ್ ವೀಸಾ ಮೂರು ವರ್ಷ. 24 ತಿಂಗಳು ಓದಿದ ನಂತರ, ಪ್ರಬಂಧ ಮುಗಿಯದಿದ್ದರೂ, ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಗಬಹುದು. ಆದರೆ ಪಿಎಚ್.ಡಿ.ಯನ್ನು ಅರೆಕಾಲಿಕವಾಗಿ ಬದಲಿಸಿಕೊಂಡು ದುಡಿಯುತ್ತೇನೆ ಎನ್ನಬೇಡಿ. ಅರೆಕಾಲಿಕ ಓದಿನ ಸ್ಟೂಡೆಂಟ್ ವೀಸಾದಲ್ಲಿ ಒಂದು ಗಂಟೆಯ ಕೆಲಸಕ್ಕೂ ಅವಕಾಶವಿಲ್ಲ.

ಜರ್ಮನಿಯಲ್ಲಿ ಇ-13 ಸಂಬಳ ಶ್ರೇಣಿಯ 50 ಶೇಕಡಾ ಹುದ್ದೆ ಕೊಟ್ಟಿದ್ದಾರೆ. ಉಳಿದರ್ಧ ಹೊತ್ತು ಐ.ಟಿ. ಕೆಲಸ ಮಾಡಲೇ?
— ಓದುಗರು, ಕುಶಾಲನಗರ

ಆ ಉಳಿದರ್ಧ ಹೊತ್ತೇ ನಿಮ್ಮ ಪ್ರಬಂಧಕ್ಕೆ. ಕಾಗದದ ಮೇಲೆ ವಾರಕ್ಕೆ 20 ಗಂಟೆ ಎಂದಿದ್ದರೂ ಲ್ಯಾಬಿನಲ್ಲಿ ನಿಮ್ಮಿಂದ ಪೂರ್ಣ ದಿನವನ್ನೇ ನಿರೀಕ್ಷಿಸುತ್ತಾರೆ. ಮೊದಲು 65 ಅಥವಾ 75 ಶೇಕಡಾಕ್ಕೆ ಏರಿಸಲು ಸಾಧ್ಯವೇ ಎಂದು ಪ್ರೊಫೆಸರನ್ನು ಕೇಳಿ. ಅಲ್ಲಿ ಅದು ಮಾಮೂಲಿ ಪ್ರಶ್ನೆ, ಸಂಕೋಚ ಬೇಡ. ಕರಾರು ಎಷ್ಟು ವರ್ಷದ್ದು ಎಂದೂ ನೋಡಿ. ಎರಡನೇ ಕೆಲಸ ಬೇಕೇಬೇಕಿದ್ದರೆ ಶುರುಮಾಡುವ ಮುಂಚೆ ವಿಶ್ವವಿದ್ಯಾಲಯಕ್ಕೆ ಲಿಖಿತವಾಗಿ ತಿಳಿಸಬೇಕು, ಜೊತೆಗೆ ವಾಸ ಪರವಾನಗಿಯ ಹಾಳೆಯಲ್ಲಿ ಯಾವ ಕೆಲಸಕ್ಕೆ ಅನುಮತಿ ಎಂದು ಬರೆದಿದೆಯೋ ಅದನ್ನು ಓದಬೇಕು. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಎಂಬ ಮಿತಿ ವಿದ್ಯಾರ್ಥಿ ಪರವಾನಗಿಯದು. ಸಂಶೋಧಕ ಪರವಾನಗಿಯ ಷರತ್ತು ಬೇರೆ. ಸ್ಕಾಲರ್‌ಶಿಪ್ ಮೇಲೆ ಹೋಗುವವರಿಗೆ ಕರಾರಿನವರಂತೆ ಪಿಂಚಣಿ, ನಿರುದ್ಯೋಗ ವಿಮೆ ಜಮೆಯಾಗುವುದಿಲ್ಲ, ಆರೋಗ್ಯ ವಿಮೆಯೂ ಕೈಯಿಂದಲೇ. ಎರಡರಲ್ಲಿ ಆಯ್ಕೆಯಿದ್ದರೆ ಕರಾರನ್ನೇ ಆರಿಸಿ.

ಆಸ್ಟ್ರೇಲಿಯ, ಕೆನಡಾಗಳಲ್ಲಿ ಹೇಗೆ?
— ಓದುಗರು, ಸುಂಟಿಕೊಪ್ಪ

ಆಸ್ಟ್ರೇಲಿಯದಲ್ಲಿ ಉಳಿದ ವಿದ್ಯಾರ್ಥಿಗಳಿಗೆ ಹದಿನೈದು ದಿನಕ್ಕೆ 48 ಗಂಟೆ. ಪಿಎಚ್.ಡಿ.ಯವರಿಗೆ ಕೋರ್ಸ್ ಶುರುವಾದ ಮೇಲೆ ವೀಸಾದ ಗಂಟೆಮಿತಿಯೇ ಇಲ್ಲ. ಕಟ್ಟು ಬರುವುದು ಸ್ಕಾಲರ್‌ಶಿಪ್ ಕಡೆಯಿಂದ. ವಾರಕ್ಕೆ ಇಷ್ಟೇ ಗಂಟೆ ಹೊರಗೆ ದುಡಿಯಬಹುದು ಎಂದು ಅದರ ಷರತ್ತಿನಲ್ಲಿರುತ್ತದೆ, ಮೀರಿದರೆ ಸ್ಟೈಪೆಂಡ್ ನಿಲ್ಲಬಹುದು. ಕೆನಡಾದಲ್ಲಿ 2024ರ ನವೆಂಬರಿನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ. ಕ್ಯಾಂಪಸ್ಸಿನೊಳಗಿನ ಟಿ.ಎ. (ಟೀಚಿಂಗ್ ಅಸಿಸ್ಟಂಟ್), ಆರ್.ಎ. ಕೆಲಸ ಆ 24ರಲ್ಲಿ ಸೇರುವುದಿಲ್ಲ. ಪೂರ್ಣಾವಧಿ ನೋಂದಣಿ ಮಾತ್ರ ಇರಲೇಬೇಕು.

ಬ್ಯಾಂಕ್ ಕೆಲಸ ಬಿಡದೆ ಊರಿನಲ್ಲೇ ಇದ್ದು ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪಿಎಚ್.ಡಿ. ಮಾಡುವಂತೆ ಒಂದು ಸಂಸ್ಥೆ ಹೇಳುತ್ತಿದೆ. ಸೇರಲೇ?
— ಓದುಗರು, ಗೋಣಿಕೊಪ್ಪಲು

ದಯವಿಟ್ಟು ಸೇರಬೇಡಿ. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರಿನಲ್ಲೇ ಎಚ್ಚರಿಸಿವೆ. ಕೆಲಸ ಉಳಿಸಿಕೊಳ್ಳಬೇಕಿದ್ದರೆ ನಮ್ಮಲ್ಲೇ ಅರೆಕಾಲಿಕ ಪಿಎಚ್.ಡಿ. ಮಾಡಿ, ಯುಜಿಸಿಯ 2022ರ ನಿಯಮಾವಳಿ ಅದಕ್ಕೆ ಅವಕಾಶ ಕೊಟ್ಟಿದೆ. ಬ್ಯಾಂಕಿನಿಂದ ತರುವ ನಿರಾಕ್ಷೇಪಣಾ ಪತ್ರದಲ್ಲಿ ಮೂರು ಮಾತು ಇರಬೇಕು: ಅರೆಕಾಲಿಕ ಓದಿಗೆ ಅನುಮತಿ ಇದೆ, ಕರ್ತವ್ಯದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದಲ್ಲಿ ಕೋರ್ಸ್‌ವರ್ಕಿಗೆ ಬಿಡುಗಡೆ ಮಾಡಲಾಗುವುದು. ಒಂದು ಬಿಟ್ಟುಹೋದರೂ ಪತ್ರ ವಾಪಸು ಬರುತ್ತದೆ.

ಮಗ ಅಮೆರಿಕದಲ್ಲಿ ಪಿಎಚ್.ಡಿ. ಎರಡನೇ ವರ್ಷ. ಹಣ ಸಾಲದೆ ವಾರಾಂತ್ಯ ಒಂದು ಅಂಗಡಿಯಲ್ಲಿ ನಗದಿಗೆ ಕೆಲಸ ಮಾಡುತ್ತಿದ್ದಾನೆಂದು ಗೊತ್ತಾಯಿತು. ನಗದಾದರೆ ತಿಳಿಯುವುದಿಲ್ಲ ಎನ್ನುತ್ತಾನೆ. ನಮಗೆ ನಿದ್ದೆ ಬರುತ್ತಿಲ್ಲ.
— ಓದುಗರು, ನಾಪೋಕ್ಲು

ನಿಮ್ಮ ಭಯ ಸರಿಯಾದದ್ದೇ. ಇವತ್ತೇ ನಿಲ್ಲಿಸಲು ಹೇಳಿ. ಎಫ್-1ನಲ್ಲಿ ಬೇರೆ ಕೆಲವು ತಪ್ಪುಗಳಾದರೆ ಸ್ಥಾನಮಾನ ಮರಳಿ ಪಡೆಯಲು ಅರ್ಜಿ ಹಾಕಬಹುದು, ಆದರೆ ಅನುಮತಿಯಿಲ್ಲದೆ ದುಡಿದವರಿಗೆ ಆ ಬಾಗಿಲೇ ಮುಚ್ಚಿದೆ. ಅಂಗಡಿಯ ಮೇಲೆ ತಪಾಸಣೆ ಬಂದರೆ, ಬ್ಯಾಂಕಿಗೆ ಹಾಕಿದ ನಗದಿನ ಲೆಕ್ಕ ಕೇಳಿದರೆ, ಯಾರೋ ಸಿಟ್ಟಿನಿಂದ ದೂರು ಕೊಟ್ಟರೆ ಹೊರಬೀಳುತ್ತದೆ. ಸಂಬಳ ಕೊಡದೆ ಮೋಸ ಮಾಡಿದರೂ, ಕೈಗೆ ಪೆಟ್ಟಾದರೂ ಹುಡುಗ ಬಾಯಿಬಿಡುವಂತಿಲ್ಲ, ಮಾಲೀಕನಿಗೆ ಅದು ಚೆನ್ನಾಗಿ ಗೊತ್ತು.

ಮುಂದಿನ ಹೆಜ್ಜೆಗೆ ಮುಂಚೆ ವಲಸೆ ವಕೀಲರೊಬ್ಬರನ್ನು ಕಾಣಲಿ. ವಿದ್ಯಾರ್ಥಿಗಳಿಗೆಂದು ಉಚಿತ ಕಾನೂನು ನೆರವು ಘಟಕ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ವಕೀಲರ ಮಾತು ಕೇಳುವ ತನಕ ಯಾವ ವೀಸಾ ಅರ್ಜಿಗೂ ಸಹಿ ಹಾಕುವುದು ಬೇಡ. ಫಾರ್ಮಿನಲ್ಲಿ ಸುಳ್ಳು ಬರೆದರೆ ಮೊದಲ ತಪ್ಪಿಗಿಂತ ಅದೇ ಭಾರವಾಗುತ್ತದೆ.

ಹಣದ ಕೊರತೆಗೆ ಒಳಗೇ ದಾರಿಗಳಿವೆ. ಗ್ರಾಜುಯೇಟ್ ಸ್ಕೂಲಿನ ತುರ್ತು ನಿಧಿಯಿಂದ ಸಣ್ಣ ಮೊತ್ತ ಹಿಂತಿರುಗಿಸಬೇಕಿಲ್ಲದಂತೆ ಸಿಗುವುದುಂಟು. ಅಸಿಸ್ಟಂಟ್‌ಶಿಪ್ 10 ಗಂಟೆಯದಾಗಿದ್ದರೆ ಇನ್ನೂ 10 ಗಂಟೆಯ ಗ್ರೇಡರ್ (ಉತ್ತರ ತಿದ್ದುವ) ಕೆಲಸವನ್ನು ವಿಭಾಗದಲ್ಲೇ ಕೇಳಬಹುದು. ಹಾಸ್ಟೆಲ್ ಮೇಲ್ವಿಚಾರಕನಾದರೆ ಕೋಣೆ, ಕೆಲವೆಡೆ ಊಟವೂ ಸಿಗುತ್ತದೆ, ಆದರೆ ಅದನ್ನೂ 20 ಗಂಟೆಯೊಳಗೇ ಲೆಕ್ಕ ಹಾಕಬೇಕು. ಮೊದಲು ಮಾಡಬೇಕಾದ್ದು ಗೈಡ್ ಜೊತೆ ಮಾತು. ಸ್ಟೈಪೆಂಡ್ ಸಾಲುತ್ತಿಲ್ಲ ಎಂದು ವಿದ್ಯಾರ್ಥಿ ಹೇಳುವುದು ಅಲ್ಲಿ ಅವಮಾನದ ವಿಷಯವಲ್ಲ, ಹೇಳದಿದ್ದರೆ ಅವರಿಗೆ ತಿಳಿಯುವುದೂ ಇಲ್ಲ. ನೀವು ಫೋನಿನಲ್ಲಿ ಬೈಯುವ ಬದಲು ತಿಂಗಳಿಗೆ ನಿಜವಾಗಿ ಎಷ್ಟು ಕಡಿಮೆ ಬೀಳುತ್ತಿದೆ ಎಂದು ಅವನಿಂದ ಬರೆಸಿಕೊಳ್ಳಿ. ಬೇಸಿಗೆಯ ಮೂರು ತಿಂಗಳದ್ದೇ ಕೊರತೆಯಾದರೆ ಆ ಮೂರು ತಿಂಗಳಿಗೆ ಮಾತ್ರ ಮನೆಯಿಂದ ಕಳಿಸಿ, ಬರುವ ಬೇಸಿಗೆಯ ಆರ್.ಎ. ಕೆಲಸವನ್ನು ಜನವರಿಯಲ್ಲೇ ಕೇಳಿಡಲು ಹೇಳಿ.